ಸಿಡಿಲಣ್ಣನ ಕೈಯ ಮೂಗುದಾರ

ಶೇಂಗಾ ಹಿಂಡಿಯ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಮೊಳಕಾಲ್ಮುರಿನಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ಮೊನ್ನೆ ಯಾರೋ ಎಮ್ಮೆಗೆಂದು ಹಿಂಡಿ ಚೀಲ ಇಳಿಸಿದರು. ಚೀಲದ ಬಾಯಿ ಬಿಚ್ಚಿದ್ದೇ ತಡ, ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂತು. ಒಂದು ಪುಸ್ತಕದ ಕವರಿಗೆ ಬಣ್ಣ ತುಂಬುತ್ತಿದ್ದವಳ ಕೈ ಅಲ್ಲೇ ನಿಂತಿತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿದ್ದ ಆ ಸಣ್ಣ ಸ್ಟುಡಿಯೋ, ಅದರ ಕಬ್ಬಿಣದ ಶಟರು, ಕುರ್ಚಿಯಲ್ಲಿ ಒರಗಿ ಕೂತು ನನ್ನ ಚಿತ್ರದ ಕೆಳಗೆ ತನ್ನ ಹೆಸರು ಬರೆಯುತ್ತಿದ್ದ ಮೂರ್ತಿ ಸಾರ್, ಎಲ್ಲ ಎದುರು ಬಂದು ನಿಂತವು. ಆ ಒಂದು ವರ್ಷವನ್ನು ನಾನು ಮರೆತಿಲ್ಲ. ಮರೆಯಬೇಕು ಅಂತ ಅನ್ನಿಸಿಯೂ ಇಲ್ಲ.

ನಾನು ಸೂಪರ್‌ಹೀರೋ ಕಾಮಿಕ್ಸ್ ಪುಸ್ತಕಗಳಿಗೆ ಕವರ್ ಬರೆಯುವವಳು. ಹೆಸರು ತಿಪ್ಪಮ್ಮ. ಊರು ಕೊಂಡ್ಲಹಳ್ಳಿಯಿಂದ ಒಳಗೆ, ದನ ಕಾಯುವವರ ಒಂದು ಹಟ್ಟಿ. ನನಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ಈ ಹೆಸರಿಟ್ಟರು. ನಮ್ಮ ಕಡೆ ಇದು ಮಾಮೂಲು. ಇಂಥ ಹೆಸರಿನವರನ್ನು ಸಾವು ಕೂಡ ಮೂಸಿ ನೋಡುವುದಿಲ್ಲ ಅಂತ ನಂಬಿಕೆ. ನಾನು ಉಳಿದೆ, ಗಟ್ಟಿಯಾಗೇ ಉಳಿದೆ.

ಚಳ್ಳಕೆರೆಯ ಹಾಸ್ಟೆಲ್ಲಿನಲ್ಲಿದ್ದು ಓದುವಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ದೊಡ್ಡ ಪರದೆ ಬರೆದಿದ್ದೆ. ಅದನ್ನು ನೋಡಿ ಮೂರ್ತಿ ಸಾರ್ ಕೆಲಸಕ್ಕೆ ಕರೆದರು. ದಾವಣಗೆರೆ ಕಡೆಯವರು, ಚಳ್ಳಕೆರೆಗೆ ಬಂದು ಫ್ಲೆಕ್ಸ್ ಅಂಗಡಿ ಹಾಕಿದ್ದರು. ಹುಟ್ಟುಹಬ್ಬ, ಗೃಹಪ್ರವೇಶ, ಗೆದ್ದವರು, ಸೋತವರು, ಸತ್ತವರು, ಎಲ್ಲರಿಗೂ ಒಂದೇ ಹಿನ್ನೆಲೆಯ ಮೇಲೆ ಬೇರೆ ಬೇರೆ ಮುಖ ಅಂಟಿಸಿ ಬ್ಯಾನರ್ ಮಾಡುತ್ತಿದ್ದರು. ಅದೇ ವರ್ಷ ಬೆಂಗಳೂರಿನ ಒಬ್ಬ ಪ್ರಕಾಶಕರು ಕನ್ನಡದಲ್ಲಿ ಸೂಪರ್‌ಹೀರೋ ಕಾಮಿಕ್ಸ್ ತರಲು ಹೊರಟಿದ್ದರು. ನಾಯಕ ಸಿಡಿಲಣ್ಣ. ಹಗಲು ಹೊತ್ತು ಮೊಳಕಾಲ್ಮುರು ಬಸ್ಸಿನ ಕಂಡಕ್ಟರು, ಯಾರಿಗಾದರೂ ಕಷ್ಟ ಬಂದರೆ ಟಿಕೆಟ್ ಮಷಿನ್ ಬಿಟ್ಟು ಆಕಾಶಕ್ಕೆ ಹಾರುವವನು. ಕಥೆ ನಮ್ಮ ಬಯಲುಸೀಮೆಯದಾದ್ದರಿಂದ ಕವರ್ ಬರೆಯುವವರೂ ಇಲ್ಲಿಯವರೇ ಆಗಲಿ ಅಂತ ಯಾರದೋ ಮೂಲಕ ಮೂರ್ತಿ ಸಾರ್‌ಗೆ ಹೇಳಿಕಳಿಸಿದರು. ಮೂರ್ತಿ ಸಾರ್‌ಗೆ ಬರೆಯಲು ಬರುತ್ತಿರಲಿಲ್ಲ. ಮುಖ ಬರೆದರೆ ಮೂಗು ಒಂದು ಕಡೆ, ಬಾಯಿ ಒಂದು ಕಡೆ. ಹಾಗಾಗಿ ನನ್ನ ಮುಂದೆ ಒಂದು ಹಳೆಯ ಟ್ಯಾಬು, ಅದರ ಪೆನ್ನು ಇಟ್ಟರು.

ಆದರೆ ಅವರಿಗೆ ಕಣ್ಣಿತ್ತು. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳಬೇಕು. "ಕವರ್ ಅಂದ್ರೆ ಚಿತ್ರ ಅಲ್ಲಮ್ಮ, ಕೂಗು. ರಸ್ತೆಲಿ ಹೋಗೋನು ತಿರುಗಿ ನೋಡ್ಬೇಕು. ನೋಡ್ಲಿಲ್ಲಾ ಅಂದ್ರೆ ನೀನು ಎಷ್ಟು ಚೆನ್ನಾಗಿ ಬರದ್ರೂ ದಂಡ" ಅನ್ನುತ್ತಿದ್ದರು. ಅಂಗಡಿಯಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಇಳಿಬಿಡುತ್ತಾರೆ, ಮೇಲಿನ ಒಂದು ಪಟ್ಟಿ ಮಾತ್ರ ಕಾಣುತ್ತದೆ, ಆದ್ದರಿಂದ ನಾಯಕನ ಕಣ್ಣು ಆ ಪಟ್ಟಿಯೊಳಗೆ ಬರಬೇಕು ಅಂತ ಹೇಳಿಕೊಟ್ಟವರು ಅವರೇ. ಫೋನಿನಲ್ಲಿ ಅದೇ ಕವರ್ ಉಗುರಿನಷ್ಟು ಸಣ್ಣದಾಗುತ್ತದೆ, ಆಗಲೂ ಗುರುತು ಹತ್ತಬೇಕು ಅಂತ ಹೇಳಿದವರೂ ಅವರೇ.

ಆ ಆಷಾಢದಲ್ಲಿ ಮಳೆ ಬರಲಿಲ್ಲ, ಗಾಳಿ ಬಂತು. ಚಳ್ಳಕೆರೆಯ ಗಾಳಿ ಅಂದರೆ ಬಾಯಿ ತೆರೆದರೆ ಮಣ್ಣು. ಶಟರು ಅರ್ಧ ಎಳೆದುಕೊಂಡು ಒಳಗೆ ಕೂತು ನಾನು ಸಿಡಿಲಣ್ಣನ ಬೆನ್ನಿಗೆ ಏನು ಹೊದಿಸಲಿ ಅಂತ ಯೋಚಿಸುತ್ತಿದ್ದೆ. ಪ್ರಕಾಶಕರು ಕೆಂಪು ರೇಷ್ಮೆ ಬಟ್ಟೆ ಹಾರಾಡಲಿ ಅಂದಿದ್ದರು. ನನಗೆ ಒಗ್ಗಲಿಲ್ಲ. ಎದುರಿನ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕನ ಹೆಗಲಿನ ಕರಿ ಕಂಬಳಿ ಗಾಳಿಗೆ ಎದ್ದಿತು. ರೇಷ್ಮೆಯ ಹಾಗೆ ಅದು ಪಟಪಟ ಅನ್ನಲಿಲ್ಲ. ಭಾರಕ್ಕೆ ನಿಧಾನವಾಗಿ ಎದ್ದು, ಒಂದೇ ದೊಡ್ಡ ಮಡಿಕೆಯಾಗಿ ನಿಂತಿತು. ಅದನ್ನೇ ಬರೆದೆ. ಬಿಸಿಲಿಗೆ ಬೆಳ್ಳಗಾದ ಆಕಾಶ, ಅದರ ಮೇಲೆ ಕರಿ ಕಂಬಳಿ, ಅಂಚಿಗೆ ಮಾತ್ರ ಒಂದೆಳೆ ಕೆಂಪು. ಅದನ್ನು ಅಚ್ಚು ಹಾಕಿಸಿ, ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯವರನ್ನು ಕಾಡಿ ದಾರಕ್ಕೆ ನೇತುಹಾಕಿಸಿದೆ. ಆಮೇಲೆ ಬಿ.ಜಿ. ಕೆರೆ ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ಬಸ್ಸು ತಿರುಗಿ ಗೇಟು ದಾಟುವವರೆಗೂ ಸಿಡಿಲಣ್ಣ ಕಾಣುತ್ತಲೇ ಇದ್ದ. ಗೇಟಿನಲ್ಲಿ ಇಳಿದು ನಡೆದುಕೊಂಡು ವಾಪಸ್ ಬಂದೆ. ಆಮೇಲೆ ಪ್ರತಿ ಕವರಿಗೂ ಹೀಗೇ ಮಾಡುತ್ತಿದ್ದೆ. ಕಂಡಕ್ಟರುಗಳು ಬೈಯುತ್ತಿದ್ದರು.

ಮೊದಲ ಸಂಚಿಕೆ ಬಂತು. ಕವರಿನ ಕೆಳಗೆ, ಬಲಗಡೆ, 'ಮೂರ್ತಿ' ಅಂತ ಸೊಟ್ಟ ಸಹಿ. ಕೇಳಿದ್ದಕ್ಕೆ, "ಮೊದಲ್ನೇದಕ್ಕೆ ನಂದಿರ್ಲಿ ಬಿಡಮ್ಮ, ಅವರಿಗೆ ನಾನಲ್ವಾ ಗೊತ್ತಿರೋನು" ಅಂದರು. ಎರಡನೆಯದಕ್ಕೂ ಅವರದೇ. ಮೂರನೆಯದಕ್ಕೆ ನಾನು ಬಾಯಿಬಿಟ್ಟು ಕೇಳಿದಾಗ ಬ್ಯಾನರ್ ಕೊಳ್ಳಲು ಬಂದ ಗಿರಾಕಿಗಳು ಎದುರಿಗಿದ್ದರು. ಮೂರ್ತಿ ಸಾರ್ ಅವರ ಕಡೆ ತಿರುಗಿ ಹೇಳಿದರು: "ತಿಪ್ಪಮ್ಮ ಅಂತ ಕವರ್ ಮೇಲೆ ಹಾಕಿದ್ರೆ ಜನ ಪುಸ್ತಕ ಅನ್ಕಳಲ್ಲ, ಗೊಬ್ಬರದ ಚೀಲ ಅನ್ಕಂತಾರೆ." ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಜೊತೆ ನಾನೂ ನಕ್ಕೆ. ಆ ನಗು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಅದಕ್ಕಿಂತ ಕೆಟ್ಟದ್ದು ಹಟ್ಟಿಯಲ್ಲಿ ಆಯಿತು. ಪುಸ್ತಕ ತೆಗೆದುಕೊಂಡು ಹೋಗಿ ಅವ್ವನ ಕೈಗೆ ಕೊಟ್ಟಿದ್ದೆ. ಅವ್ವ ಅದನ್ನು ಸೆರಗಿನಿಂದ ಒರೆಸಿ, ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. ಓದು ಬಲ್ಲವರೊಬ್ಬರು ಕೆಳಗಿನ ಹೆಸರು ಓದಿ, "ಇಲ್ಲಿ ಮೂರ್ತಿ ಅಂತ ಐತಲ್ಲವ್ವ, ನಿನ್ನ ಮಗಳದ್ದು ಎಲ್ಲೈತೆ?" ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ವಿವರಿಸಿದಷ್ಟೂ ಅದು ಸುಳ್ಳಿನ ಹಾಗೆ ಕೇಳುತ್ತಿತ್ತು. ಸಂಜೆಯೊಳಗೆ ಹಟ್ಟಿಯೆಲ್ಲ ನನ್ನನ್ನು ಬಡಾಯಿ ಕೊಚ್ಚುವವಳು ಅಂತ ಮಾತಾಡಿಕೊಂಡಿತು.

ನಂಬಿದವನು ಒಬ್ಬನೇ, ಸೂರಯ್ಯ ಮಾವ. ಅವ್ವನ ಅಣ್ಣ, ನಮ್ಮ ಹಟ್ಟಿಯ ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವನು. ದೇವರಿಗೆ ಬಿಟ್ಟ ಆ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ, ಮೂಗು ಚುಚ್ಚಿ ದಾರ ಹಾಕುವುದಿಲ್ಲ. ಅವುಗಳ ಹಿಂದೆ ಮಾವ ಬರಿಗಾಲಲ್ಲೇ ನಡೆಯುತ್ತಾನೆ. ನಮ್ಮ ಹಟ್ಟಿಯಲ್ಲಿ ಹೆಣ್ಣುಮಕ್ಕಳು ಅವುಗಳ ಬೇಲಿಯೊಳಗೆ ಕಾಲಿಡುವ ಹಾಗಿಲ್ಲ. ಚಿಕ್ಕವಳಿದ್ದಾಗ ನಾನು ಬೇಲಿಯ ಹೊರಗೆ ಕೂತು ನೆಲದ ಮೇಲೆ ಕಡ್ಡಿಯಿಂದ ಎತ್ತು ಬರೆಯುತ್ತಿದ್ದೆ. ಮಾವ ಒಳಗಿನಿಂದಲೇ ನೋಡಿ, "ಡುಬ್ಬ ಇನ್ನೊಂಚೂರು ಮುಂದಕ್ಕೈತೆ ಪಿಲ್ಲಾ" ಅನ್ನುತ್ತಿದ್ದ. ಮನೆಯಲ್ಲಿ ತೆಲುಗೂ ಕನ್ನಡವೂ ಕಲಸಿ ಆಡುವವರು ನಾವು. ಅವನ ಬಾಯಲ್ಲಿ ನಾನು ಯಾವಾಗಲೂ ಪಿಲ್ಲಾ, ಹುಡುಗಿ. ಅವನಿಗೆ ಓದು ಬಾರದು. ಆ ಪುಸ್ತಕ ಹಿಡಿದು, ಕಂಬಳಿಯ ಮಡಿಕೆಯ ಮೇಲೆ ಬೆರಳಾಡಿಸಿ, "ಇದು ನಿನ್ನ ಕೈಯೇ ಪಿಲ್ಲಾ, ನಂಗೆ ಗೊತ್ತಾಗಲ್ವಾ" ಅಂದ. ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ನನಗೆ ಕವರಿನ ಮೇಲೆ ನನ್ನ ಹೆಸರು ಬೇಕಿತ್ತು, ಮೂರ್ತಿಯ ಹೆಸರು ಅಲ್ಲಿಂದ ಕೀಳಬೇಕಿತ್ತು. ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಶೇಂಗಾ ಕೀಳುವ ಕಾಲಕ್ಕೆ ಹೊಸ ಸಂಚಿಕೆಯ ಕಥೆ ಬಂತು. ಸಿಡಿಲಣ್ಣನಿಗೆ ಹಾರುವ ಶಕ್ತಿ ಹೋಗುತ್ತದೆ, ಒಂದು ದೇವರ ಎತ್ತು ಅವನನ್ನು ಕಾಪಾಡುತ್ತದೆ. ನಾನು ಮಾವನ ಬೂದು ಬಣ್ಣದ ದೊಡ್ಡ ಎತ್ತನ್ನೇ ಬರೆದೆ. ಮುಂಗಾಲು ಎತ್ತಿ ಬಂಡೆಯ ಮೇಲಿಂದ ನೆಗೆಯುತ್ತಿದೆ, ಪಕ್ಕದಲ್ಲಿ ಸಿಡಿಲಣ್ಣ, ಅವನ ಒಂದು ಕೈ ಅದರ ಡುಬ್ಬದ ಮೇಲೆ. ಮೈಯಲ್ಲಿ ಒಂದು ದಾರವಿಲ್ಲ, ಗೆಜ್ಜೆಯಿಲ್ಲ. ಬರೆದು ಮುಗಿಸಿದ ದಿನ ಮಿಲ್ಲಿನವರು ಹೊಸ ಶೇಂಗಾ ಅರೆಯಲು ಶುರು ಮಾಡಿದ್ದರು, ಸ್ಟುಡಿಯೋ ತುಂಬ ಹಿಂಡಿಯ ವಾಸನೆ.

ಮೂರ್ತಿ ಸಾರ್ ಬಹಳ ಹೊತ್ತು ನೋಡಿದರು. "ಎತ್ತು ಚೆನ್ನಾಗೈತೆ, ಅವನೂ ಚೆನ್ನಾಗವ್ನೆ. ಆದ್ರೆ ಇಬ್ರಿಗೂ ಸಂಬಂಧ ಇಲ್ಲ. ಕಣ್ಣು ಎಲ್ಲಿಂದ ಎಲ್ಲಿಗೆ ಹೋಗ್ಬೇಕು?" ಅಂದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಎತ್ತಿನ ಮೂಗಿನಿಂದ ಸಿಡಿಲಣ್ಣನ ಮುಷ್ಟಿಯವರೆಗೆ, ಮುಷ್ಟಿಯಿಂದ ಮೇಲೆ ಶೀರ್ಷಿಕೆಯವರೆಗೆ, ಒಂದು ಕೆಂಪು ಹಗ್ಗ ಎಳೆದರು. ಒಂದೇ ಗೆರೆ. ಅವರು ಬರೆದ ಬೇರೆ ಯಾವ ಗೆರೆಯೂ ನೇರವಾಗಿದ್ದದ್ದು ನಾನು ಕಂಡಿಲ್ಲ, ಇದು ಮಾತ್ರ ಬಾಣದ ಹಾಗೆ ಬಂತು.

ದೇವರ ಎತ್ತಿಗೆ ಮೂಗುದಾರ. ನಮ್ಮ ಕಡೆಯ ಕೂಸು ಕೂಡ ಮಾಡದ ತಪ್ಪು. ಮೂರ್ತಿ ಸಾರ್‌ಗೆ ಗೊತ್ತಿಲ್ಲ. ಅವರ ಪಾಲಿಗೆ ಎತ್ತು ಅಂದರೆ ಗಾಡಿ ಎಳೆಯುವುದು. ನಾನು ಒಂದು ಮಾತು ಹೇಳಿದ್ದರೆ ಅಳಿಸುತ್ತಿದ್ದರು. ಚಿತ್ರವನ್ನು ನೋಡಿದೆ. ನಿಜ ಹೇಳಬೇಕೆಂದರೆ ಆ ಗೆರೆ ಬಂದ ಮೇಲೆ ಕವರಿಗೆ ಜೀವ ಬಂದಿತ್ತು. ಅದೂ ಸೇರಿ ನನ್ನ ಸಿಟ್ಟು ಹೆಚ್ಚಿತು.

"ಹೆಂಗೈತೆ?" ಅಂದರು.

"ಭಾಳ ಚೆನ್ನಾಗೈತೆ ಸಾರ್," ಅಂದೆ. "ಇನ್ನೊಂಚೂರು ದಪ್ಪ ಮಾಡಿ. ದೂರದಿಂದ ಕಾಣ್ಬೇಕು."

ದಪ್ಪ ಮಾಡಿದರು. ಕೆಳಗೆ ಸಹಿ ಹಾಕಿದರು. ಆ ಸಲ ನಾನು ಸಹಿಯ ಬಗ್ಗೆ ಚಕಾರ ಎತ್ತಲಿಲ್ಲ.

ಸಂಚಿಕೆಯನ್ನು ಚಳ್ಳಕೆರೆಯಲ್ಲೇ ಬಿಡುಗಡೆ ಮಾಡುವುದು ಅಂತಾಯಿತು. ಪ್ರಕಾಶನದ ಸಂಪಾದಕಿ ಅಂಜನಾ ಮೇಡಂ ಬೆಂಗಳೂರಿನಿಂದ ಬರುವವರಿದ್ದರು. ಮೂರ್ತಿ ಸಾರ್ ಉತ್ಸಾಹಕ್ಕೆ ಬಿದ್ದು ಆ ಕವರನ್ನು ಮನೆಯೆತ್ತರದ ಫ್ಲೆಕ್ಸ್ ಮಾಡಿಸಿ ಬಸ್ ಸ್ಟ್ಯಾಂಡಿನ ಎದುರು ಕಟ್ಟಿಸಿದರು. ಮಾರ್ಕೆಟ್ಟಿಗೆ ಶೇಂಗಾ ತಂದವರು, ಮೊಳಕಾಲ್ಮುರು ಕಡೆಯ ಬಸ್ಸಿನವರು, ಎಲ್ಲ ಅದರ ಮುಂದೆಯೇ ಹಾದುಹೋಗಬೇಕು. ನಮ್ಮ ಹಟ್ಟಿಗೆ ಸುದ್ದಿ ಮುಟ್ಟಲು ಒಂದು ಸಂತೆ ಸಾಕಾಯಿತು.

ಬಿಡುಗಡೆಯ ದಿನ ಸಮುದಾಯ ಭವನದ ಹಿಂದಿನ ಸಾಲಿನಲ್ಲಿ ಹಟ್ಟಿಯ ಗಂಡಸರು ಬಂದು ಕೂತರು. ಹೆಗಲ ಮೇಲೆ ಕಂಬಳಿ. ಕೊನೆಯಲ್ಲಿ ಬರಿಗಾಲಿನ ಸೂರಯ್ಯ ಮಾವ. ನಾನು ಗೋಡೆಗೆ ಒರಗಿ ನಿಂತು ಹಬ್ಬಕ್ಕೆ ಕಾದವಳ ಹಾಗೆ ಕಾದೆ. ಮೂರ್ತಿ ಸಾರ್ ಮೈಕು ಹಿಡಿದು, ಈ ಕವರಿನ ಒಂದೊಂದು ಗೆರೆಯೂ ತನ್ನ ಬೆವರು, ಕಂಬಳಿ ತನಗೆ ಕನಸಿನಲ್ಲಿ ಬಂದದ್ದು ಅಂತೆಲ್ಲ ಹೇಳಿದರು. ಚಪ್ಪಾಳೆ ನಿಂತ ಮೇಲೆ ಹಟ್ಟಿಯ ಯಜಮಾನರು ಎದ್ದರು.

"ಸ್ವಾಮಿ, ಈ ಎತ್ತು ಬರ್ದೋರು ನೀವೇನಾ?"

"ನಾನೇ ಯಜಮಾನ್ರೆ, ನಾನೇ."

"ದೇವ್ರೆತ್ತಿಗೆ ಮೂಗು ಚುಚ್ಚಾಕೆ ನಿಮಗೆ ಯಾರು ಹೇಳಿದ್ರು?"

ಮೂರ್ತಿ ಸಾರ್ ಮುಖದ ಮೇಲಿನ ನಗು ಅಲ್ಲೇ ಒಣಗಿತು. ಯಜಮಾನರು ಕೂಗಾಡಲಿಲ್ಲ. ಆ ಎತ್ತು ಯಾವುದು, ಅದನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ, ಊರ ನಡುವೆ ಅದಕ್ಕೆ ಹಗ್ಗ ಬಿಗಿದು ನಿಲ್ಲಿಸಿದ್ದನ್ನು ನೋಡಿ ಹಟ್ಟಿಯಲ್ಲಿ ಯಾರೂ ಯಾಕೆ ಊಟ ಮಾಡಿಲ್ಲ, ಅದನ್ನೆಲ್ಲ ಸಣ್ಣ ದನಿಯಲ್ಲಿ ಹೇಳಿದರು. ಅಂಜನಾ ಮೇಡಂ ಮೂರ್ತಿ ಸಾರ್ ಕಡೆ ತಿರುಗಿದರು. ಮೂರ್ತಿ ಸಾರ್ ಕಣ್ಣು ಸಭೆಯಲ್ಲೆಲ್ಲ ಹುಡುಕಾಡಿ ನನ್ನ ಮೇಲೆ ಬಂದು ನಿಂತಿತು. ಇದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

"ನಾನು ಮೇಲುಸ್ತುವಾರಿ ಅಷ್ಟೇ," ಅಂದರು. "ಬರೆಯೋದೆಲ್ಲ ಆ ಹುಡುಗಿ. ತಿಪ್ಪಮ್ಮ ಅಂತ. ಮೊದಲ್ನೇ ಸಂಚಿಕೆಯಿಂದ್ಲೂ ಅವಳೇ. ಬೇಕಾದ್ರೆ ಕೇಳಿ."

"ಎಲ್ಲಾ ಕವರ್‌ಗಳನ್ನೂ ಅವರೇ ಬರೆದಿದ್ದಾ?" ಮೇಡಂ ಕೇಳಿದರು.

"ಎಲ್ಲಾನೂ ಮೇಡಂ. ನಾನು ಪೆನ್ನು ಮುಟ್ಟೋನೇ ಅಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಮೈಕಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಹಗ್ಗ ನನ್ನದಲ್ಲ ಅಂದರೆ ನಾನು ಬಚಾವು. ಆದರೆ ಆಗ ಯಾವುದು ಯಾರದು ಅನ್ನುವ ಜಗಳ ಶುರುವಾಗುತ್ತದೆ, ನಾಳೆ ಬೆಳಿಗ್ಗೆ ಎತ್ತೂ ತನ್ನದೇ ಕಂಬಳಿಯೂ ತನ್ನದೇ ಅಂತ ಮೂರ್ತಿ ಮತ್ತೆ ಎದ್ದು ನಿಲ್ಲುತ್ತಾನೆ. ಹೆದರಿಕೆಗೆ ಅವನು ತನ್ನ ಕೈಯಾರೆ ಎಲ್ಲವನ್ನೂ ನನಗೆ ಕೊಟ್ಟುಬಿಟ್ಟಿದ್ದ, ಮೇಡಂ ಎದುರಿಗೇ ಕೊಟ್ಟಿದ್ದ. ಅದರಲ್ಲಿ ಒಂದನ್ನು ವಾಪಸ್ ಕೊಟ್ಟರೂ ಎಲ್ಲವೂ ಕೈ ತಪ್ಪುತ್ತದೆ.

"ಹೌದು," ಅಂದೆ. "ಎಲ್ಲಾ ನಾನೇ ಬರ್ದಿದ್ದು."

"ಹಗ್ಗಾನೂ?" ಯಜಮಾನರು ಕೇಳಿದರು.

"ಹಗ್ಗಾನೂ."

ಮೂರ್ತಿ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಬದುಕಿಕೊಂಡೆ ಅಂದುಕೊಂಡಿರಬೇಕು. ಸೂರಯ್ಯ ಮಾವ ಕಂಬಳಿಯನ್ನು ಹೆಗಲಿನಿಂದ ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಮೇಡಂ ಅಲ್ಲೇ ಕ್ಷಮೆ ಕೇಳಿದರು, ಮಾರದೆ ಉಳಿದ ಪ್ರತಿಗಳನ್ನು ವಾಪಸ್ ತರಿಸಿದರು. ಫ್ಲೆಕ್ಸ್ ಇಳಿಯಿತು. ಹಟ್ಟಿಯವರು ನನಗೆ ಹೇಳಿದ್ದು ಇಷ್ಟೇ: ತುಂಬಿದ ಕೊಡ ಹೊತ್ತು ಬರಿಗಾಲಲ್ಲಿ ಬಂದು, ಬೇಲಿಯ ಹೊರಗೆ ನಿಂತು, ಎತ್ತುಗಳಿಗೆ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕು. ಹಾಗೇ ಮಾಡಿದೆ. ನೆಲ ಕಾದಿತ್ತು, ಕಾಲಿಗೆ ಮುಳ್ಳು ನೆಟ್ಟಿತು. ಏಳುವಾಗ ಬೇಲಿಯ ಆಚೆ ಮಾವ ನಿಂತಿದ್ದ.

"ಯಾಕೆ ಬರ್ದೆ? ನೀನು ನೋಡಿ ಬೆಳ್ದವಳು," ಅಂದ.

ಸುತ್ತ ಜನ ಇದ್ದರು. ಮೂರ್ತಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ," ಅಂದೆ.

ಮಾವ ಎತ್ತುಗಳ ಕಡೆ ತಿರುಗಿ ನಡೆದ. ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ಮುಂದಿನ ಕವರಿಗೆ ಅಂಜನಾ ಮೇಡಂ ನೇರವಾಗಿ ನನಗೇ ಫೋನ್ ಮಾಡಿದರು. ಕೆಳಗೆ ಬಲಗಡೆ 'ತಿಪ್ಪಮ್ಮ' ಅಂತ ಅಚ್ಚಾಯಿತು. ನಾನು ಚಳ್ಳಕೆರೆ ಬಿಟ್ಟು ಮೊಳಕಾಲ್ಮುರಿಗೆ ಬಂದು ಕೋಣೆ ಹಿಡಿದೆ. ಹಟ್ಟಿಯಲ್ಲಿ ಈಗ ಯಾರೂ ನನ್ನನ್ನು ಬಡಾಯಿಗಾರ್ತಿ ಅನ್ನುವುದಿಲ್ಲ. ತಪ್ಪು ಮಾಡಿದವಳು ಅನ್ನುತ್ತಾರೆ, ಆದರೆ ಬರೆಯುವವಳು ಅಂತಲೂ ಒಪ್ಪುತ್ತಾರೆ. ಮೂರ್ತಿಗೆ ಆಮೇಲೆ ಒಂದು ಕವರೂ ಸಿಗಲಿಲ್ಲ.

ಆದರೆ ನಡೆದದ್ದು ಇನ್ನೊಂದಿದೆ. ವಾಪಸ್ ತರಿಸಿದ ಆ ಸಂಚಿಕೆಯ ಕವರು ಫೋನುಗಳಲ್ಲಿ ಹರಿದಾಡಿತು. ಇಲ್ಲಿಯ ನಡಾವಳಿ ತಿಳಿಯದ, ಚಿತ್ರ ಬಲ್ಲ ಜನ ಅದನ್ನು ಹೊಗಳಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಆ ಕೆಂಪು ಗೆರೆ, ಅದೆಂಥ ಗೆರೆ. ಸುದ್ದಿ ಚಳ್ಳಕೆರೆಗೂ ಮುಟ್ಟಿತು. ಮೂರ್ತಿ ಅಂಗಡಿಗೆ ಬಂದವರಿಗೆಲ್ಲ ಆ ಗೆರೆ ಎಳೆದವನು ನಾನು ಅಂತ ಹೇಳತೊಡಗಿದ. ಗಿರಾಕಿಗಳು, "ಮೊದ್ಲು ಎಲ್ಲಾ ನಂದೇ ಅಂದ್ರಿ, ಆಮೇಲೆ ಪೆನ್ನೇ ಮುಟ್ಟಿಲ್ಲ ಅಂದ್ರಿ, ಈಗ ಹಗ್ಗ ಮಾತ್ರ ನಂದು ಅಂತೀರಲ್ಲ ಸಾರ್" ಅಂತ ನಗುತ್ತಾರಂತೆ. ಇದನ್ನು ನನಗೆ ಹೇಳಿದವರನ್ನು ಕೂರಿಸಿ ಟೀ ಕೊಟ್ಟೆ.

ಹೋದ ತಿಂಗಳು ಮೂರ್ತಿ ಇಲ್ಲಿಗೇ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಕೂದಲು ನೆರೆತಿತ್ತು. ಕೂತುಕೊಳ್ಳಿ ಅಂದೆ, ಕೂರಲಿಲ್ಲ.

"ಜೀವಮಾನದಾಗೆ ನೆಟ್ಟಗೆ ಎಳ್ದಿದ್ದು ಅದೊಂದೇ ಗೆರೆ ಕಣಮ್ಮ," ಅಂದ. "ಬೇರೇನೂ ಬ್ಯಾಡ. ನಿಮ್ಮ ಹಟ್ಟಿಯೋರ ಹತ್ರಾನೂ ನಾನೇ ಬಂದು ತಪ್ಪು ಒಪ್ಕಂತೀನಿ, ಕಾಲಿಗೂ ಬೀಳ್ತೀನಿ. ಅದೊಂದು ಮೂರ್ತಿ ಸಾರ್‌ದು ಅಂತ ಮೇಡಂಗೆ ನೀನು ಒಂದು ಮಾತು ಹೇಳು. ನಾನು ಹೇಳಿದ್ರೆ ಯಾರೂ ನಂಬ್ತಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಕಪಟವಲ್ಲ, ನಿಜವಾದ ನೀರು. ಸುಳ್ಳು ಹೇಳುತ್ತಿದ್ದೀಯ ಅಂತ ಹಟ್ಟಿಯವರೆಲ್ಲ ನೋಡುವಾಗ ನಾನು ಹೀಗೇ ನಿಂತಿದ್ದೆ. ಆ ಸಂಕಟ ಎಷ್ಟು ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ನನಗೆ ಖುಷಿಯಾಯಿತು.

"ಯಾವ ಗೆರೆ ಸಾರ್?" ಅಂದೆ.

ಮೂರ್ತಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಹಟ್ಟಿಯಲ್ಲಿ ನಿಜ ಗೊತ್ತಿರುವುದು ಅವ್ವನಿಗೊಬ್ಬಳಿಗೆ, ಎತ್ತುಗಳಿಗೆ ಅಡ್ಡಬಿದ್ದು ಬಂದ ರಾತ್ರಿ ನಾನೇ ಹೇಳಿದ್ದೆ. ಅವಳು ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಾಳೆ: "ಒಂದು ಮಾತು ಹೇಳ್ಬಿಡು ಮಗಳೇ, ನಿಮ್ಮ ಮಾವ ಮತ್ತೆ ನಿನ್ನ ಕರೀತಾನೆ." ಕರೆಯುತ್ತಾನೆ, ಅದು ನನಗೂ ಗೊತ್ತು. ಈಗ ಪ್ರತಿ ಕವರಿನ ಮೇಲೂ ನನ್ನ ಹೆಸರಿದೆ, ಮಾವನಿಗೆ ಅದನ್ನು ಓದಲು ಬಾರದು. ಹೆಸರಿಲ್ಲದೆಯೇ ನನ್ನ ಕೈ ಗುರುತಿಸಿದ್ದವನು ಅವನೊಬ್ಬನೇ. ಆದರೆ ಯಾವ ಮಾತಿನಿಂದ ಮಾವ ನನಗೆ ವಾಪಸ್ ಸಿಗುತ್ತಾನೋ ಅದೇ ಮಾತಿನಿಂದ ಮೂರ್ತಿಗೆ ಅವನ ಗೆರೆಯೂ ಸಿಗುತ್ತದೆ. ಅವ್ವನಿಗೆ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತೇನೆ: ಆ ಹಗ್ಗ ಬರೆದವಳು ನಾನೇ.